ಖಾಲಿ ಮನೆ ಐತೇನ್ರೀ?

ಬಾಡಿಗೆ ಮನೆ ಹುಡುಕುವವನಿಗೆ ಮನೆ ಸಿಗುವುದು ಯಾವಾಗಲೋ ಒಮ್ಮೆ; ಫಜೀತಿ ಮಾತ್ರ ಬೀದಿಗೊಂದರಂತೆ ಸಿಗುತ್ತಲೇ ಇರುತ್ತದೆ. ನಾನು ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿ ಸೇರಿ ಶಿಕಾರಿಪುರಕ್ಕೆ ಬಂದಾಗ ಏಕೀಕರಣವಾಗಿ ರಾಜ್ಯ ಆಗಷ್ಟೇ ದೊಡ್ಡದಾಗಿತ್ತು. ಕಚೇರಿಗಳು ಹೆಚ್ಚಿದವು, ಗುಮಾಸ್ತರು ಹೆಚ್ಚಿದರು, ಊರಿನ ಮನೆಗಳು ಮಾತ್ರ ಇದ್ದಷ್ಟೇ ಇದ್ದವು. ನನ್ನ ಸಂಬಳಕ್ಕೆ ಹೊಂದುವ ಎರಡು ಕೋಣೆಯ ಮನೆಗಾಗಿ ನಾನು ಆ ಊರಿನಲ್ಲಿ ತಿರುಗಿದಷ್ಟು ಬೀದಿ ಬಸವ ಕೂಡ ತಿರುಗಿರಲಿಕ್ಕಿಲ್ಲ. ಮದುವೆಯಾಗಿ ಐದು ತಿಂಗಳಾಗಿತ್ತು. ಹೆಂಡತಿ ತಿಪಟೂರಿನಲ್ಲಿ ತವರು ಮನೆಯಲ್ಲಿದ್ದಳು. ನನ್ನ ಟ್ರಂಕು ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಯಾವ ಮನೆಯ ಕದ ಎರಡು ದಿನ ಮುಚ್ಚಿದ್ದರೂ ಮೂರನೆಯ ದಿನ ನಾನು ಅದರ ಮುಂದೆ ನಿಂತಿರುತ್ತಿದ್ದೆ.

ಒಳಗಿರೋದು ಯಾರ ಕರು?

ಮನೆ ಸಿಗುವ ತನಕ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಇರಲು ಡಾಕ್ಟರು ಒಪ್ಪಿದ್ದರು. "ಮೇಲಿನವರು ತನಿಖೆಗೆ ಬಂದರೆ ಮಾತ್ರ ನೀವು ಅಲ್ಲಿ ಇರಬಾರದು, ನಿಮ್ಮ ಹಾಸಿಗೆಯೂ ಇರಬಾರದು" ಅಂದಿದ್ದರು. ಒಂದು ಕಡೆ ಫಿನೈಲು, ಇನ್ನೊಂದು ಕಡೆ ಸುಣ್ಣದ ಚೀಲ, ನಡುವೆ ನಾನು.

ನಮ್ಮ ಮಾವನವರು ವಾರಕ್ಕೊಂದು ಕಾರ್ಡು ಬರೆಯುತ್ತಿದ್ದರು. ಲಕೋಟೆಗೆ ದುಡ್ಡು ದಂಡ ಎನ್ನುವ ಜನ. ಮೊದಮೊದಲು "ಮನೆ ಬೇಗ ಸಿಗಲೆಂದು ಹಾರೈಸುತ್ತೇವೆ" ಎಂದಿದ್ದದ್ದು, ಎರಡು ತಿಂಗಳಲ್ಲಿ "ನಾವು ಮಗಳನ್ನು ಕೊಟ್ಟದ್ದು ನಿಮಗೋ ಅಂಚೆ ಇಲಾಖೆಗೋ ತಿಳಿಯದಾಗಿದೆ" ಎನ್ನುವ ಮಟ್ಟಕ್ಕೆ ಬಂತು. ಅದನ್ನು ನಾನು ಓದುವುದಕ್ಕೆ ಮೊದಲೇ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು, "ಈ ವಾರ ನಿಮ್ಮ ಮಾವನೋರು ಭಾಳ ಬೇಜಾರಾಗ್ಯಾರ ನೋಡ್ರಿ" ಎಂದು ಸಾರಾಂಶ ಹೇಳಿಬಿಡುತ್ತಿದ್ದ.

ಒಂದು ಬೆಳಿಗ್ಗೆ ನನಗೆ ಸ್ವಲ್ಪ ಜ್ವರ. ಕರಿ ಕಂಬಳಿಯನ್ನು ತಲೆತುಂಬ ಹೊದ್ದು ಮುದುರಿ ಮಲಗಿದ್ದೆ. ಬಂದಳಿಕೆ ಕಡೆಯ ರೈತರೊಬ್ಬರು ಎತ್ತು ಹೊಡೆದುಕೊಂಡು ಬಂದವರು ಕಿಟಕಿಯಲ್ಲಿ ಇಣುಕಿದರು. ನಾನು ನರಳಿದ್ದು ಕೇಳಿಸಿರಬೇಕು. ನಮ್ಮ ಜವಾನನನ್ನು ಕೇಳಿದರು:

"ಒಳಗ ಮಲಗಿಸೀರಲ್ಲ, ಯಾರ ಕರು ಅದು?"

"ಕರು ಅಲ್ಲ ಗೌಡ್ರೇ, ಕಾಂಪೌಂಡರ್ರು. ಬಾಡಿಗಿ ಮನಿ ಸಿಕ್ಕಿಲ್ಲ, ಅದಕ್ಕ ಇಲ್ಲಿ ಮಲಗ್ತಾರ."

ಗೌಡರಿಗೆ ನಿಜವಾಗಿಯೂ ಕರುಳು ಚುರುಕ್ ಅಂದಿತು. "ಅಯ್ಯೋ ಪಾಪ" ಎಂದರು. "ನಮ್ಮ ಕೊಟ್ಟಿಗಿಯೊಳಗ ಇನ್ನೊಂದು ಗೂಟಕ್ಕ ಜಾಗ ಐತಿ. ಬರ್ತಾರೇನು ಕೇಳು."

ಲಗ್ನಪತ್ರಿಕೆ

ಪೇಟೆಯಲ್ಲಿ ಒಬ್ಬ ಸಾಹುಕಾರರ ಮನೆ ಖಾಲಿಯಾಗಿದೆ ಎಂದು ಸುದ್ದಿ ಬಂತು. ಓಡಿದೆ. ಸಾಹುಕಾರರು ಮೆಣಸಿನಕಾಯಿ ಮಂಡಿಯ ಗಾದಿಯ ಮೇಲೆ ಕೂತಿದ್ದರು. ಹಣೆಯ ಮೇಲೆ ಮೂರೆಳೆ ವಿಭೂತಿ, ಮುಖದಲ್ಲಿ ಪರೀಕ್ಷೆ ತೆಗೆದುಕೊಳ್ಳುವ ಮೇಷ್ಟರ ಗಾಂಭೀರ್ಯ. ಊರು ಯಾವುದು, ಮಂದಿ ಯಾವುದು, ಏನು ಉಣ್ಣುತ್ತೀರಿ, ಬೀಡಿ ಸೇದುತ್ತೀರಾ, ಇಸ್ಪೀಟು ಆಡುತ್ತೀರಾ, ಎಲ್ಲ ಕೇಳಿದರು. ಮೆಣಸಿನ ಘಾಟಿಗೆ ಸೀನುತ್ತಲೇ ಉತ್ತರ ಕೊಟ್ಟು ಎಲ್ಲದರಲ್ಲೂ ಪಾಸಾದೆ.

"ಮದುವಿ ಆಗೈತೇನ್ರಿ?"

"ಆಗಿದೆ."

"ಮತ್ತ ಮನಿಯವರು ಎಲ್ಲಿ?"

"ತಿಪಟೂರಲ್ಲಿದಾಳೆ. ಮನೆ ಸಿಕ್ಕ ಮೇಲೆ ಕರಕೊಂಡು ಬರ್ತೀನಿ."

ಸಾಹುಕಾರರು ತಲೆ ಅಲ್ಲಾಡಿಸಿದರು. "ಒಂಟಿ ಗಂಡಸಿಗೆ ಮನಿ ಕೊಡಂಗಿಲ್ಲರೀ. ಹಿಂದ ಒಬ್ಬ ಹಿಂಗ ಹೇಳಿ ಸೇರಿಕೊಂಡ. ಎರಡು ವರ್ಷ ಆದರೂ ಹೆಂಡತಿ ಬರಲಿಲ್ಲ. ಆಮ್ಯಾಲೆ ಗೊತ್ತಾತು, ಅವನಿಗೆ ಹೆಂಡತೀನ ಇಲ್ಲ. ಮೊದಲು ಮನಿಯವರನ್ನ ಕರಕೊಂಡು ಬರ್ರಿ, ಆಮ್ಯಾಲೆ ಬೀಗದ ಕೈ."

ಅಲ್ಲಿ ನಮ್ಮ ಮಾವನವರು ಮನೆ ಇಲ್ಲದೆ ಮಗಳನ್ನು ಕಳಿಸುವುದಿಲ್ಲ, ಇಲ್ಲಿ ಇವರು ಹೆಂಡತಿ ಇಲ್ಲದೆ ಮನೆ ಕೊಡುವುದಿಲ್ಲ. ನಾನು ಕಾಡಿದೆ, ಬೇಡಿದೆ. ಕೊನೆಗೆ ಸಾಹುಕಾರರು ಸ್ವಲ್ಪ ಕರಗಿ, "ಆತು, ಏನಾರ ಪುರಾವೆ ತೋರಿಸ್ರಿ" ಅಂದರು.

ಮದುವೆಯ ಫೋಟೋ ಕಳಿಸಿ ಎಂದು ಮಾವನವರಿಗೆ ಬರೆದೆ. ಇದ್ದದ್ದು ಒಂದೇ ಪ್ರತಿ, ಅದಕ್ಕೆ ಗಾಜು ಹಾಕಿಸಿ ಗೋಡೆಗೆ ಮೊಳೆ ಹೊಡೆದಾಗಿದೆ, ಕಳಿಸಲಾಗದು ಎಂದು ಬರೆದು, ಮದುವೆಯ ಲಗ್ನಪತ್ರಿಕೆ ಕಳಿಸಿದರು. ಅಂಚಿಗೆ ಅರಿಶಿನ ಹಚ್ಚಿದ ಗಟ್ಟಿ ಕಾಗದ, ನನ್ನ ಹೆಸರು, ಅವಳ ಹೆಸರು, ಎರಡೂ ಕಡೆಯ ಹಿರಿಯರ ಹೆಸರು. ಇನ್ನೇನು ಬೇಕು! ಬಸ್ಸು ಹಿಡಿಯುವವನಂತೆ ಮಂಡಿಗೆ ಓಡಿದೆ.

ಸಾಹುಕಾರರು ಕನ್ನಡಕ ಹಾಕಿಕೊಂಡು ಗಣಪತಿಯ ಚಿತ್ರದಿಂದ ಹಿಡಿದು ಕೆಳಗೆ ಪ್ರೆಸ್ಸಿನ ಹೆಸರಿನ ತನಕ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಪತ್ರಿಕೆಯನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ ನೋಡ್ರಿ. 'ವಿವಾಹವು ನೆರವೇರಲಿರುವುದರಿಂದ' ಅಂತ ಐತಿ. ನೆರವೇರಿತು ಅಂತ ಎಲ್ಲೈತಿ?"

ಮೇಲೆ ನೋಡಿದ ತಪ್ಪು

ಆಮೇಲೆ ನನ್ನ ಬುದ್ಧಿ ಎಷ್ಟು ಕೆಟ್ಟಿತು ಎನ್ನುವುದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಕೆರೆ ಕಡೆಯ ಬೀದಿಯಲ್ಲಿ ಒಂಟಿಯಾಗಿದ್ದ ಮುದುಕರೊಬ್ಬರು ತೀರಿಕೊಂಡರು. ತೊಂಬತ್ತರ ಹತ್ತಿರದ ತುಂಬು ಜೀವ. ನಾನು ಅವರ ಮುಖ ನೋಡಿದವನಲ್ಲ. ಆದರೆ ಆ ಮನೆಯ ಮುಖ ಚೆನ್ನಾಗಿ ನೋಡಿದ್ದೆ. ಎರಡು ಕೋಣೆ, ಹಿತ್ತಿಲು, ಸೇದುವ ಬಾವಿ.

ನಾಲ್ಕು ದಿನ ಬಿಟ್ಟು ಮಾತಾಡಿಸಿಕೊಂಡು ಬರೋಣ ಎಂದು ಹೋದೆ. ದಾರಿಯಲ್ಲಿ ನನ್ನನ್ನು ನಾನೇ ಬೈದುಕೊಂಡೆ. 'ಮನೆಯ ಸುದ್ದಿ ಎತ್ತಕೂಡದು, ಸುಮ್ಮನೆ ಸಮಾಧಾನ ಹೇಳಿ ಬರಬೇಕು' ಎಂದು ಆಣೆಯನ್ನೂ ಹಾಕಿಕೊಂಡೆ. ಅಲ್ಲಿ ಚಾಪೆಯ ಮೇಲೆ ಆಗಲೇ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು, ಮಿಡ್ಲ್ ಸ್ಕೂಲಿನ ಮೇಷ್ಟರೊಬ್ಬರು, ಪೊಲೀಸಿನವರೊಬ್ಬರು ಕೂತಿದ್ದರು. ಮೂವರೂ ಪರ ಊರಿನವರು. ಮೂವರೂ ಮನೆ ಹುಡುಕುತ್ತಿದ್ದವರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮುದುಕರ ಮಗ ದಾವಣಗೆರೆಯಿಂದ ಬಂದಿದ್ದರು. "ನಮ್ಮ ಅಪ್ಪಾರು ನಿಮಗ ಪರಿಚಯ ಏನ್ರಿ?" ಎಂದು ಕೇಳಿದರು.

"ಬಹಳ ಹತ್ತಿರದ ಪರಿಚಯ ಅಲ್ಲ" ಎಂದೆ. "ಒಳ್ಳೆಯ ಜೀವ."

"ಹೌದ್ರಿ, ಒಳ್ಳೆ ಜೀವ" ಎಂದು ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ಮೆಲ್ಲಗೆ, "ಈ ಮನಿ ಬಾಡಿಗಿಗೆ ಕೊಡಂಗಿಲ್ಲರೀ. ನಮ್ಮ ತಂಗಿ ಬಂದು ಇರ್ತಾಳೆ" ಅಂದರು.

ನನಗೆ ಸಿಟ್ಟೇ ಬಂತು. "ನಾನು ಅದನ್ನ ಕೇಳಲೇ ಇಲ್ಲವಲ್ಲ!"

"ಕೇಳಲಿಲ್ಲರೀ. ಆದರ ಬಂದಾಗಿನಿಂದ ಜಂತಿ ಎಣಿಸಾಕ ಹತ್ತೀರಿ."

ಎಮ್ಮೆಯ ಒಪ್ಪಿಗೆ

ಕಡೆಗೂ ಒಂದು ಮನೆ ಸಿಕ್ಕಿತು. ಕೊಟ್ಟವರು ಒಬ್ಬ ಅಜ್ಜಿ. ಮನೆಯ ಮುಂಭಾಗದಲ್ಲಿ ಅಜ್ಜಿಯ ಎಮ್ಮೆ, ನಡುವಿನಲ್ಲಿ ಅಜ್ಜಿ, ಹಿಂಭಾಗದ ಎರಡು ಕೋಣೆ ಬಾಡಿಗೆಗೆ. ಹೋಗಿ ಬರುವ ದಾರಿ ಎಮ್ಮೆಯ ಪಕ್ಕದಲ್ಲೇ.

"ಬಾಡಿಗಿ ನೀ ಎಷ್ಟು ಕೊಟ್ಟರೂ ನಡೀತೈತಿ ತಮ್ಮಾ" ಎಂದರು ಅಜ್ಜಿ. "ಆದರ ನಮ್ಮ ಗೌರಿ ಹೊಸಬರನ್ನ ಕಂಡರ ಹಾಯತೈತಿ. ಒಂದು ಸಲ ಅದರ ಮುಂದ ಹಾದು ಹೋಗು. ಅದು ಒಪ್ಪಿದರ ನಾನೂ ಒಪ್ಪಿದಂಗ."

ನಾನು ದೇವರ ಹೆಸರು ಹೇಳಿಕೊಂಡು ಹಾದುಹೋದೆ. ಎಮ್ಮೆ ನನ್ನ ಅಂಗಿ ಮೂಸಿತು. ಅದಕ್ಕೆ ಆಸ್ಪತ್ರೆಯ ವಾಸನೆ ಹೊಡೆದಿರಬೇಕು, ಹಿಂದೆ ಯಾವಾಗಲೋ ಚುಚ್ಚಿಸಿಕೊಂಡ ಸೂಜಿಯ ನೆನಪಾಗಿರಬೇಕು. ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟಿತು. "ನೋಡು, ನಿನ್ನ ಕಂಡು ನಾಚಿಕೊಂತು" ಎಂದು ಅಜ್ಜಿ ಖುಷಿಯಾಗಿ ಬೀಗದ ಕೈ ಕೊಟ್ಟರು. ಅವತ್ತೇ ತಿಪಟೂರಿಗೆ ತಂತಿ ಹೊಡೆದೆ.

ಹೆಂಡತಿ ಬಂದಳು. ಉಟ್ಟದ್ದು ಕೆಂಪು ಸೀರೆ, ಕೈತುಂಬ ಹಸಿರು ಬಳೆ. ಬಾಗಿಲೊಳಗೆ ಕಾಲಿಟ್ಟದ್ದೇ ತಡ, ಗೌರಿ ಕೊಂಬು ಬೀಸಿ ಹಗ್ಗ ಜಗ್ಗಿತು. ಅವಳು ಸೇರಕ್ಕಿ ಒದೆಯುವುದು ಒತ್ತಟ್ಟಿಗಿರಲಿ, ಹಾರಿ ಬೀದಿಗೆ ಹೋಗಿ ನಿಂತಳು. ಅವತ್ತಿನಿಂದ ನಮ್ಮ ಸಂಸಾರ ಎಮ್ಮೆಯ ವೇಳಾಪಟ್ಟಿಯಂತೆ ನಡೆಯತೊಡಗಿತು. ಅದು ಮೇಯಲು ಹೋದಾಗ ಇವಳು ನೀರಿಗೆ ಹೋಗಬೇಕು, ಅದು ಬರುವುದರೊಳಗೆ ಇವಳು ಒಳಗಿರಬೇಕು. ಗೌರಿ ಸಿಟ್ಟಿಗೆ ಕರೆಯಲು ಬಿಡದೆ ಹಾಲನ್ನೂ ಏರಿಸಿಕೊಂಡಿತು. ಇಪ್ಪತ್ತನೆಯ ದಿನ ಅಜ್ಜಿ ಬಂದು ಕೂತರು.

"ತಮ್ಮಾ, ತಪ್ಪು ತಿಳಕೋಬ್ಯಾಡ. ಗೌರಿ ಈ ಮನ್ಯಾಗ ಹನ್ನೆರಡು ವರ್ಷದಿಂದ ಐತಿ. ನೀವು ಬಂದು ಇಪ್ಪತ್ತು ದಿನ ಆತು. ಯಾರು ಬಿಡಬೇಕು ನೀನ ಹೇಳು."

ಅಜ್ಜಿ ಹೋದ ಮೇಲೆ ಹೆಂಡತಿ, "ದನದ ಆಸ್ಪತ್ರೇಲೇ ಕೆಲಸ ಮಾಡ್ತೀರಿ. ಆ ಎಮ್ಮೆಗೆ ಏನಾದರೂ ಔಷಧಿ ಕೊಡಬಾರದಾ?" ಎಂದಳು.

ನಾನು ಏನೋ ಯೋಚನೆಯಲ್ಲಿದ್ದೆ. "ಎಮ್ಮೆಗೆ ಏನೂ ಕಾಯಿಲೆ ಇಲ್ಲ ಕಣೆ. ನೀನು ಬರೋ ತನಕ ಚೆನ್ನಾಗೇ ಇತ್ತು" ಎಂದುಬಿಟ್ಟೆ.

ಅವತ್ತಿನಿಂದ ಆ ಮನೆಯಲ್ಲಿ ಮುನಿಸಿಕೊಂಡವರು ಇಬ್ಬರಾದರು.

ಅನ್ನ ಯಾರ ಹಿಸ್ಸೆಗೆ?

ಮುಂದಿನ ಮನೆ ಬೇಗ ಸಿಕ್ಕಿತು. ಬೇಗ ಸಿಕ್ಕಿದ್ದು ಯಾಕೆ ಎಂದು ಆಗ ಯೋಚಿಸಲಿಲ್ಲ. ಹೊಲ ಮನೆ ಇದ್ದ ಅಣ್ಣ ತಮ್ಮಂದಿರ ಮನೆ ಅದು. ಅವರಿಬ್ಬರಿಗೂ ಪಾಲಿನ ಮೇಲೆ ಕೋರ್ಟಿನಲ್ಲಿ ವ್ಯಾಜ್ಯ. ನಮಗೆ ಕೊಟ್ಟ ಭಾಗದಲ್ಲಿ ನಡುಮನೆ ತನ್ನ ಹಿಸ್ಸೆ ಎಂದು ಅಣ್ಣ, ಅಡಿಗೆಮನೆ ತನ್ನ ಹಿಸ್ಸೆ ಎಂದು ತಮ್ಮ. ನಾವು ಎರಡನ್ನೂ ಅಣ್ಣನಿಂದ ಬಾಡಿಗೆಗೆ ಹಿಡಿದಿದ್ದೆವು.

ಮೂರನೆಯ ದಿನ ಹೆಂಡತಿ ಒಲೆಯ ಮೇಲೆ ಅನ್ನಕ್ಕಿಟ್ಟು ನೀರು ತರಲು ಹೋಗಿದ್ದಳು. ಬರುವಷ್ಟರಲ್ಲಿ ತಮ್ಮ ಬಂದು ಅಡಿಗೆಮನೆಗೆ ಬೀಗ ಜಡಿದು ಕೈ ಕಟ್ಟಿ ನಿಂತಿದ್ದರು. ಊಟಕ್ಕೆಂದು ನಾನು ಬಂದಾಗ ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು.

"ಸ್ವಾಮಿ, ಅನ್ನ ಸೀದು ಹೋಗುತ್ತೆ, ಬೀಗ ತೆಗೀರಿ" ಎಂದೆ.

"ತೆಗೀತೀನ್ರಿ. 'ಅಡಿಗಿಮನಿ ನಿಮ್ಮದು' ಅಂತ ಒಂದು ಚೀಟಿ ಬರಕೊಡ್ರಿ."

ಒಳಗಿನಿಂದ ಅಣ್ಣ ಓಡಿ ಬಂದರು. "ಬರಕೊಡಬ್ಯಾಡ್ರಿ! ಕೋರ್ಟಿನಾಗ ಕೇಸು ಕೆಡತೈತಿ! ಸೀಯಲಿ ಬಿಡ್ರಿ ಅನ್ನ!"

"ಅನ್ನ ನಂದು ಸ್ವಾಮಿ!" ಎಂದೆ.

"ಅನ್ನ ನಿಮ್ಮದು, ಒಲಿ ನಂದು" ಎಂದರು ತಮ್ಮ.

"ಒಲಿಗೆ ಹೋಗೋ ದಾರಿ ನಂದು" ಎಂದರು ಅಣ್ಣ.

ಅನ್ನ ಸೀದು ಕರಿಯಾಯಿತು. ಹೆಂಡತಿ ಜಗಲಿಯ ಮೇಲೆ ಕೂತು ಅಳತೊಡಗಿದಳು. ತಮ್ಮನ ಹೆಂಡತಿಗೆ ಅದು ನೋಡಲಾಗಲಿಲ್ಲ. ಕೈಹಿಡಿದು ಒಳಗೆ ಕರೆದೊಯ್ದು, ನಮ್ಮಿಬ್ಬರಿಗೂ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಅಣ್ಣ ಇದನ್ನು ಕಂಡು ಕಂಗಾಲಾದರು. ಬಾಡಿಗೆಯವರು ತಮ್ಮನ ಮನೆಯಲ್ಲಿ ಉಂಡರೆ ನಾಳೆ ವಕೀಲ ಏನೆಂದು ವಾದಿಸುತ್ತಾನೋ! ಅವತ್ತು ಸಂಜೆಗೇ ಅಣ್ಣನ ಮನೆಯಿಂದ ಹೋಳಿಗೆ ಬಂತು. ಮರುದಿನ ತಮ್ಮ ಕರಿಗಡುಬು ಮಾಡಿಸಿದರು. ಅದರ ಮರುದಿನ ಅಣ್ಣ ಶಾವಿಗೆ ಪಾಯಸ. ನಾವು ಯಾರ ಬಾಡಿಗೆದಾರರು ಎನ್ನುವುದು ಇತ್ಯರ್ಥವಾಗದೆ ಹದಿನೈದು ದಿನ ಎರಡು ಮನೆಯಲ್ಲೂ ಉಂಡೆವು. ಬೀಗ ತೆಗೆಯಲಿಲ್ಲ, ನಾವೂ ತೆಗೆಯಿರಿ ಎನ್ನಲಿಲ್ಲ. ನನ್ನ ಅಂಗಿ ಬಿಗಿಯಾಗತೊಡಗಿತು.

ಹದಿನಾರನೆಯ ದಿನ ವಕೀಲರು ಕೂರಿಸಿ ರಾಜಿ ಮಾಡಿಸಿಬಿಟ್ಟರು. ಅಣ್ಣ ತಮ್ಮ ತಬ್ಬಿಕೊಂಡು ಅತ್ತರು. ಒಟ್ಟಿಗೆ ನಮ್ಮ ಬಾಗಿಲಿಗೆ ಬಂದು, "ನಾವು ಇನ್ನ ಮ್ಯಾಲ ಕೂಡಿ ಇರ್ತೀವ್ರಿ. ಈ ಭಾಗ ನಮಗ ಬೇಕಾಗ್ತೈತಿ" ಎಂದರು. ಗಂಟು ಕಟ್ಟುತ್ತ ಹೆಂಡತಿ ಹೇಳಿದಳು: "ಇನ್ನು ಮೇಲೆ ಮನೆ ನೋಡೋವಾಗ ಬಾವಿ ಇದೆಯಾ ಅಂತ ಕೇಳಬೇಡಿ. ಕೇಸು ಇದೆಯಾ ಕೇಳಿ, ಎಷ್ಟು ವರ್ಷ ನಡೆಯುತ್ತೆ ಕೇಳಿ."

ಬಹಳ ಒಳ್ಳೆಯವರು

ಕಟ್ಟಿದ ಗಂಟು ಬಿಚ್ಚುವ ಮೊದಲೇ ಸೊರಬಕ್ಕೆ ವರ್ಗವಾಯಿತು. ಬಸ್ಸಿನ ಮೇಲೆ ಟ್ರಂಕು, ಹಾಸಿಗೆ, ಒನಕೆ ಹೇರಿಕೊಂಡು ಶಿರಾಳಕೊಪ್ಪದಲ್ಲಿ ಸಂತೆಯ ಜನದ ನಡುವೆ ಬಸ್ಸು ಬದಲಿಸಿ ಹೋದೆವು. ಸೊರಬದಲ್ಲಿ ನಮ್ಮ ಪುಣ್ಯಕ್ಕೆ ಜವಳಿ ಅಂಗಡಿಯವರೊಬ್ಬರ ಮನೆ ವಾರದಲ್ಲೇ ಸಿಕ್ಕಿತು. ಬಾಡಿಗೆ ಕಡಿಮೆ, ಬಾವಿ ಹತ್ತಿರ, ಎಮ್ಮೆ ಇಲ್ಲ, ಕೇಸಿಲ್ಲ. ಮಾಲೀಕರು ಬಹಳ ಮೃದು ಮನುಷ್ಯರು. ಕೊಟ್ಟ ಮಾತಿಗೆ ತಪ್ಪಿದವರಲ್ಲ ಎಂದು ಊರಲ್ಲೆಲ್ಲ ಹೆಸರು. ಮದುವೆಯಾದ ಮೇಲೆ ಮೊದಲ ಸಲ ನನ್ನ ಟ್ರಂಕು ಪೂರ್ತಿ ಖಾಲಿಯಾಯಿತು.

ವರ್ಷ ಕಳೆಯಿತು. ಒಂದು ದಿನ ಹೆಂಡತಿ ದಿನಸಿ ಅಂಗಡಿಯಲ್ಲಿ ಎರಡು ಖಾಲಿ ಮರದ ಪೆಟ್ಟಿಗೆ ಕೇಳಿದಳಂತೆ.

"ಎಂತಕ್ಕೆ ಅಮ್ಮಾ?"

"ಸಾಮಾನು ಇಡೋಕೆ."

ಉಪ್ಪಿನಕಾಯಿ ಭರಣಿ ನೆಲದ ಮೇಲಿದ್ದರೆ ಇರುವೆ ಹತ್ತುತ್ತದೆ ಎಂದು ಅವಳಿಗೆ ಪೆಟ್ಟಿಗೆ ಬೇಕಾಗಿತ್ತು. ಅಂಗಡಿಯವರಿಗೆ ಅರ್ಥವಾದದ್ದೇ ಬೇರೆ.

ಮಧ್ಯಾಹ್ನ ಹೈಸ್ಕೂಲಿನ ಮೇಷ್ಟರೊಬ್ಬರು ಉದ್ದನೆಯ ಬಿದಿರು ಕಡ್ಡಿ ಹಿಡಿದು ಬಂದು ನಮ್ಮ ಕೋಣೆ ಅಳೆಯತೊಡಗಿದರು. "ನಮ್ಮದು ದೊಡ್ಡ ಮಂಚ ಮಾರಾಯ್ರೆ, ಹಿಡೀತದಾ ಇಲ್ಲವಾ ನೋಡ್ತಿದ್ದೆ" ಎಂದರು.

"ನಿಮ್ಮ ಮಂಚ ನಮ್ಮ ಮನೇಲಿ ಯಾಕೆ?"

"ನಿಮಗೆ ವರ್ಗ ಆಯ್ತಂತಲ್ಲ! ಗೊತ್ತಿಲ್ಲವಾ?"

ಅವರ ಹಿಂದೆಯೇ ಸರ್ವೆ ಗುಮಾಸ್ತರು ಬಂದರು. ಅವರ ಹಿಂದೆ ತಮ್ಮ ಹೆಂಡತಿಯ ಸಮೇತ ಕಂದಾಯದವರೊಬ್ಬರು ಬಂದರು; ಆಕೆ ನೇರ ಒಳಗೆ ಹೋಗಿ, "ಈ ಒಲೆ ಕಿತ್ತು ಆ ಮೂಲೆಗೆ ಹಾಕಬೇಕು" ಎಂದರು. ನಾನು ಎದ್ದುಬಿದ್ದು ಆಸ್ಪತ್ರೆಗೆ ಓಡಿದೆ. ಡಾಕ್ಟರು ಕಾಗದ ಪತ್ರ ತಿರುವಿ ನೋಡಿ, "ಆರ್ಡರ್ ಏನೂ ಬಂದಿಲ್ಲ. ಆದರೆ ಊರೆಲ್ಲ ಹೇಳ್ತಿದೆ ಅಂದ ಮೇಲೆ ಬರಬಹುದು" ಎಂದರು.

ಮನೆಗೆ ಬಂದರೆ ಅಕ್ಕಪಕ್ಕದ ಹೆಂಗಸರು ನನ್ನ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ ಅರಿಶಿನ ಕುಂಕುಮ ಕೊಟ್ಟು ಮಡಿಲು ತುಂಬುತ್ತಿದ್ದರು. ಎಲ್ಲರ ಕಣ್ಣಲ್ಲೂ ನೀರು. ಅವಳ ಕಣ್ಣಲ್ಲೂ ನೀರು. "ಯಾಕೆ ಅಳ್ತಿದೀಯ? ವರ್ಗ ಆಗಿಲ್ಲ" ಎಂದೆ ಪಿಸುಮಾತಿನಲ್ಲಿ. "ಅವರೆಲ್ಲ ಅಳುವಾಗ ನಾನು ಹೇಗೆ ಸುಮ್ಮನಿರಲಿ? ಏಳು ರವಿಕೆ ಕಣ ಕೊಟ್ಟಿದಾರೆ" ಎಂದಳು.

ನೇರ ಮಾಲೀಕರ ಅಂಗಡಿಗೆ ಹೋದೆ. ಪೆಟ್ಟಿಗೆ, ಉಪ್ಪಿನಕಾಯಿ, ಇರುವೆ, ಎಲ್ಲ ಬಿಡಿಸಿ ಹೇಳಿದೆ. ಅವರು ಮಡಿಸುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟರು.

"ಈಗ ನಾನು ಎಂತ ಮಾಡ್ಲಿ ಮಾರಾಯ್ರೆ? ಮೇಷ್ಟ್ರಿಗೆ ಮಾತು ಕೊಟ್ಟಾಗಿದೆ. ನಮ್ಮಪ್ಪನ ಕಾಲದಿಂದ ಮಾತು ತಪ್ಪಿದ್ದಿಲ್ಲ. ಈಗ ನಿಮಗೆ ವರ್ಗ ಆಗದೆ ಇದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಅದಕ್ಕೆ ನಾನೇನು ಮಾಡಲಿ ಸ್ವಾಮಿ?"

"ಮೇಲಿನವರಿಗೆ ಒಂದು ಅರ್ಜಿ ಹಾಕ್ಕೊಳ್ಳಿ. ವರ್ಗ ಬೇಕು ಅಂತ."

"ನಾನು ಸತ್ತರೂ ಹಾಕೋದಿಲ್ಲ" ಎಂದು ಎದ್ದೆ.

"ಆಗ್ಲಿ, ನೀವು ಹಾಕ್ಬೇಡಿ" ಎಂದರು ಅವರು, ತೀರ ಮೃದುವಾಗಿ.

ನಾನು ಗೆದ್ದೆ ಎಂದುಕೊಂಡೆ. ತಿಂಗಳೊಪ್ಪತ್ತು ಎಲ್ಲ ತಣ್ಣಗಿತ್ತು. ಒಂದು ಬೆಳಿಗ್ಗೆ ಡಾಕ್ಟರು ಕರೆದು ಕಾಗದ ಕೈಗಿಟ್ಟರು. ಹೊಸನಗರಕ್ಕೆ ವರ್ಗ! ಆರ್ಡರಿನ ಹಿಂದೆ ಒಂದು ಅರ್ಜಿಯನ್ನು ಪಿನ್ನು ಚುಚ್ಚಿ ಕಳಿಸಿದ್ದರು. ಮಾಲೀಕರ ದುಂಡನೆಯ ಅಕ್ಷರ: 'ನಮ್ಮ ಊರಿನ ಕಾಂಪೌಂಡರವರು ಬಹಳ ಒಳ್ಳೆಯವರು. ಇಂಥವರ ಸೇವೆ ನಮಗೊಬ್ಬರಿಗೇ ಸಿಕ್ಕರೆ ಸಾಲದು. ಬೇರೆ ತಾಲ್ಲೂಕಿನ ಜಾನುವಾರುಗಳಿಗೂ ಸಿಗಬೇಕೆಂದು ಬೇಡುತ್ತೇವೆ.'

ಕೆಳಗೆ ಸಹಿಗಳ ಸಾಲು. ಮಾಲೀಕರದು, ಮೇಷ್ಟರದು, ದಿನಸಿ ಅಂಗಡಿಯವರದು, ಕಣ ಕೊಟ್ಟ ಮನೆಗಳ ಯಜಮಾನರದು. ಓದುತ್ತ ಓದುತ್ತ ಕೊನೆಯ ಸಹಿಗೆ ಬಂದೆ. ಎಲ್ಲೋ ನೋಡಿದ ಅಕ್ಷರ ಅನ್ನಿಸಿತು. ಕಾಗದ ಹಿಡಿದುಕೊಂಡೇ ಮನೆಗೆ ಓಡಿದೆ.

"ಇದಕ್ಕೆ ನೀನೂ ಸಹಿ ಹಾಕಿದೀಯಾ?"

ಅವಳು ಒಗ್ಗರಣೆ ಸೌಟು ಕೆಳಗಿಟ್ಟು, ಕಾಗದ ಇಸಕೊಂಡು ನೋಡಿ, "ಹೌದು" ಎಂದಳು. "ಮಾಲೀಕರು ಬಂದು ಮೊದಲನೇ ಸಾಲು ಓದಿ ಹೇಳಿದರು, 'ಕಾಂಪೌಂಡರವರು ಬಹಳ ಒಳ್ಳೆಯವರು' ಅಂತ. ಊರವರೆಲ್ಲ ಹೌದು ಅಂತ ಸಹಿ ಹಾಕಿದಾರೆ. ಕಟ್ಟಿಕೊಂಡವಳು ನಾನೊಬ್ಬಳು ಹಾಕದೆ ಇದ್ದರೆ, ಜನ ಏನಂದುಕೋತಾರೆ ಹೇಳಿ?"